ಕಿಡಿ ಹಾರಿಸುವ ಕಲ್ಲು, ಹೂ ಮುಡಿಯುವ ಕೋವಿ

ಧಾರವಾಡದ ಕಲೆಕ್ಟರ್ ಆಗಿದ್ದ ಸೇಂಟ್ ಜಾನ್ ಥ್ಯಾಕರೆಯ ಸಮಾಧಿ ಧಾರವಾಡದಲ್ಲೇ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಆತ ಗುಂಡೇಟಿಗೆ ಬಿದ್ದ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಎಂದು ಈ ಸೀಮೆಯ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಶಾಲೆಯ ನಾಟಕಗಳಲ್ಲಿ, ಜನಪದ ಹಾಡುಗಳಲ್ಲಿ ಬಾಳಪ್ಪನ ಹೆಸರು ಉಳಿದಿದೆ. ಆದರೆ ಆ ಕಾಲದ ಬಂದೂಕು ಹೇಗೆ ಕೆಲಸ ಮಾಡುತ್ತಿತ್ತು, ಅದಕ್ಕೆ ಮದ್ದು ತುಂಬುವುದು ಹೇಗೆ, ಬೆಂಕಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ ಹೇಳುವವರು ನಮ್ಮಲ್ಲಿ ಸಿಗುವುದು ಕಷ್ಟ. ಜಗತ್ತಿನ ಕೆಲವು ಕಡೆ ಜನ ಅಂಥ ಬಂದೂಕನ್ನು ಈಗಲೂ ಕೈಯಾರೆ ಕಟ್ಟುತ್ತಾರೆ, ತಿಕ್ಕಿ ಹೊಳಪು ಕೊಡುತ್ತಾರೆ, ಗುರಿ ಇಟ್ಟು ಹೊಡೆಯುತ್ತಾರೆ. ಕರ್ನಾಟಕದಲ್ಲಿ ಅದಕ್ಕೆ ಹತ್ತಿರದ ಜೀವಂತ ಪರಂಪರೆಯೊಂದು ಕೊಡಗಿನಲ್ಲಿದೆ.

ಅಂದಿನ ಬಂದೂಕುಗಳೆಲ್ಲ ಬಾಯಿಯಿಂದ ತುಂಬುವಂಥವು. ನಳಿಗೆಯ ಬಾಯಿಗೆ ಮಸಿ ಸುರಿದು, ಮೇಲೆ ಸೀಸದ ಗುಂಡು ಇಟ್ಟು, ಗಜ ಹಾಕಿ ಜಡಿಯಬೇಕು. ಮಸಿಯೆಂದರೆ ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು ಸೇರಿದ ಕರಿಮದ್ದು. ಇಷ್ಟರ ಮಟ್ಟಿಗೆ ಎಲ್ಲ ಹಳೆಯ ಕೋವಿಗಳೂ ಒಂದೇ. ಬೆಂಕಿ ಹೊತ್ತಿಸುವ ಬಗೆಯಲ್ಲಿ ಮಾತ್ರ ಮೂರು ಕಾಲಗಳಿವೆ. ಮೊದಲು ಉರಿಯುವ ಬತ್ತಿಯ ಕೋವಿ, ಆಮೇಲೆ ಚಕಮಕಿ ಕಲ್ಲಿನ ಕೋವಿ, ಕೊನೆಗೆ ಕೇಪಿನ ಕೋವಿ. ಮಲೆನಾಡಿನ ರೈತರ ಮನೆಗಳಲ್ಲಿ ಇಂದಿಗೂ ಕಾಣುವುದು ಈ ಮೂರನೆಯದು. ನಾನು ಈ ವಿಷಯದ ಬೆನ್ನು ಹತ್ತಿದ್ದು ನಡುವಿನ ಚಕಮಕಿ ಕೋವಿಗಾಗಿ. ಅದರಲ್ಲಿಯೂ ಅದರ ಮಗ್ಗುಲಲ್ಲಿ ಕೂತಿರುವ ಒಂದು ಪುಟ್ಟ ಯಂತ್ರಕ್ಕಾಗಿ.

ಅಂಗೈಯಗಲದ ಯಂತ್ರ

ಕೋವಿಯ ಬಲಮಗ್ಗುಲಲ್ಲಿ ಮರವನ್ನು ಕೆತ್ತಿ ಕೂರಿಸಿದ ಒಂದು ಉಕ್ಕಿನ ಫಲಕ. ಅದರ ಮೇಲೆ ಕತ್ತು ಬಾಗಿಸಿ ನಿಂತ ಕುದುರೆ, ಅಂದರೆ ಏಟು ಹೊಡೆಯುವ ಭಾಗ. ಕುದುರೆಯ ಬಾಯಿಗೆ ಎರಡು ದವಡೆ. ನಡುವೆ ತೊಗಲಿನ ಚೂರು ಸುತ್ತಿ, ತಿರುಪು ಬಿಗಿದು ಹಿಡಿಸಿದ ಚಕಮಕಿ ಕಲ್ಲು. ಅದರ ಎದುರಿಗೆ ನೆಟ್ಟಗೆ ನಿಂತ ಉಕ್ಕಿನ ಮುಚ್ಚಳ. ಮುಚ್ಚಳದ ಬುಡ ಒಂದು ಪುಟ್ಟ ಬಟ್ಟಲನ್ನು ಮುಚ್ಚಿಕೊಂಡಿರುತ್ತದೆ. ಬಟ್ಟಲಲ್ಲಿ ಚಿಟಿಕೆಯಷ್ಟು ನುಣ್ಣನೆಯ ಮಸಿ. ಬಟ್ಟಲ ಪಕ್ಕದಿಂದ ನಳಿಗೆಯೊಳಕ್ಕೆ ಒಂದು ಸಣ್ಣ ತೂತು.

ಟ್ರಿಗರ್ ಎಳೆದ ಕೂಡಲೇ ಸ್ಪ್ರಿಂಗ್ ಬಿಡುಗಡೆಯಾಗಿ ಕುದುರೆ ಮುಂದಕ್ಕೆ ಎರಗುತ್ತದೆ. ಕಲ್ಲು ಉಕ್ಕನ್ನು ಮೇಲಿನಿಂದ ಕೆಳಕ್ಕೆ ಕೆರೆಯುತ್ತದೆ. ಆ ಏಟಿಗೇ ಮುಚ್ಚಳ ತೆರೆದುಕೊಂಡು ಬಟ್ಟಲು ಬಯಲಾಗುತ್ತದೆ. ಕಿಡಿಗಳು ಬಟ್ಟಲಿಗೆ ಉದುರಿ, ಮಸಿ ಭಗ್ಗೆಂದು ಹೊತ್ತಿ, ಜ್ವಾಲೆ ತೂತಿನ ಮೂಲಕ ಒಳಗಿನ ಮದ್ದಿಗೆ ತಾಕುತ್ತದೆ. ಕಿಡಿ ಹಾರುವುದು ಕಲ್ಲಿನಿಂದ ಎಂದು ನಾವೆಲ್ಲ ತಿಳಿದಿದ್ದೇವೆ. ನಿಜದಲ್ಲಿ ಉರಿಯುವುದು ಉಕ್ಕು. ಕಲ್ಲಿನ ಹರಿತವಾದ ಅಂಚು ಉಕ್ಕಿನಿಂದ ಕಣ್ಣಿಗೆ ಕಾಣದಷ್ಟು ತೆಳುವಾದ ಸಿಬಿರುಗಳನ್ನು ಸುಲಿಯುತ್ತದೆ. ಉಜ್ಜಿದ ಕಾವಿಗೆ ಕೆಂಪಾದ ಆ ಸಿಬಿರುಗಳು ಗಾಳಿಯಲ್ಲಿ ಉರಿಯುತ್ತ ಬೀಳುತ್ತವೆ.

ಹಾಗಾಗಿ ಈ ಕಸುಬಿನ ಜಾಣ್ಮೆಯೆಲ್ಲ ಉಕ್ಕನ್ನು ಹದಗೊಳಿಸುವುದರಲ್ಲಿದೆ. ಮುಚ್ಚಳದ ಉಕ್ಕು ಮೆತ್ತಗಾದರೆ ಕಲ್ಲು ಅದನ್ನು ಗೀರುತ್ತದೆ, ಕಿಡಿ ಬರುವುದಿಲ್ಲ. ಹೆಚ್ಚು ಗಡುಸಾದರೆ ಕಲ್ಲು ಜಾರುತ್ತದೆ, ಆಗಲೂ ಕಿಡಿ ಇಲ್ಲ. ಕುದುರೆಯ ಸ್ಪ್ರಿಂಗ್ ಬಿರುಸಾದರೆ ಕಲ್ಲು ಒಡೆಯುತ್ತದೆ, ಸಡಿಲವಾದರೆ ಮುಚ್ಚಳ ತೆರೆಯುವುದಿಲ್ಲ. ಮುಚ್ಚಳಕ್ಕೂ ತನ್ನದೇ ಒಂದು ಸ್ಪ್ರಿಂಗ್ ಇದೆ. ಈ ಎರಡನ್ನೂ ಒಂದಕ್ಕೊಂದು ಹೊಂದಿಸುವುದು ತಂಬೂರಿಯ ತಂತಿಯಡಿ ಜೀವಾಳಿಯ ಎಳೆ ಕೂರಿಸುವಷ್ಟೇ ನಾಜೂಕಿನ ಕೆಲಸ. ಕಲ್ಲಿನ ಅಂಚು ಮೊಂಡಾದಾಗ ಅದನ್ನು ಸಣ್ಣಗೆ ಚಕ್ಕೆ ತೆಗೆದು ಹರಿತ ಮಾಡಬೇಕು. ಇಂಗ್ಲೆಂಡಿನ ಬ್ರಾಂಡನ್ ಎಂಬ ಊರಿನ ಜನ ಹಿಂದೆ ಬಂದೂಕಿನ ಕಲ್ಲು ಒಡೆದೇ ಹೊಟ್ಟೆ ಹೊರೆಯುತ್ತಿದ್ದರು.

ಹೊಡೆಯುವವನಿಗೂ ಇದು ತಾಳ್ಮೆಯ ಪಾಠ. ಬಟ್ಟಲಿನ ಮಸಿ ಕಣ್ಣೆದುರೇ ಹೊತ್ತಿಕೊಂಡ ಮೇಲೆ ಕ್ಷಣದ ಒಂದು ಪಾಲು ಕಳೆದು ಗುಂಡು ಹೊರಡುತ್ತದೆ. ಆ ಸಣ್ಣ ಅಂತರದಲ್ಲಿ ಬೆಚ್ಚಿದರೆ, ಕಣ್ಣು ಮಿಟುಕಿಸಿದರೆ ಗುರಿ ತಪ್ಪಿತು. ಮಳೆಯಲ್ಲಂತೂ ಬಟ್ಟಲು ನೆನೆದು ಕೋವಿ ಮೌನವಾಗುತ್ತಿತ್ತು. ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸಿತ್ 1807ರಲ್ಲಿ ಏಟಿಗೆ ಸಿಡಿಯುವ ಮದ್ದಿನ ಉಪಾಯಕ್ಕೆ ಪೇಟೆಂಟ್ ಪಡೆದ. ಮುಂದೆ ಅದೇ ಕೇಪಾಗಿ ಬೆಳೆದು ಚಕಮಕಿ ಕಲ್ಲನ್ನು ಮೂಲೆಗೆ ತಳ್ಳಿತು.

ನಮ್ಮ ನಾಡಿನಲ್ಲಿ ಈ ಯಂತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಕಟ್ಟಿಸಿದವನು ಟಿಪ್ಪು ಸುಲ್ತಾನ್. ಅವನ ಕಾರ್ಖಾನೆಗಳ ಕೋವಿಗಳಲ್ಲಿ ಕುದುರೆಗೇ ಹುಲಿಯ ರೂಪ ಕೊಟ್ಟದ್ದುಂಟು, ನಳಿಗೆಯ ಮೇಲೆ ಹುಲಿಪಟ್ಟೆಗಳನ್ನು ಬಿಡಿಸಿದ್ದುಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಉತ್ತಮವಾದವು ಹಡಗು ಹತ್ತಿದವು. ಕನ್ನಡದ ಕಮ್ಮಾರರ ಕೈಕೆಲಸ ನೋಡಲು ಇಂದು ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳಿಗೆ ಹೋಗಬೇಕು.

ಒಂದು ಕಾಯ್ದೆ, ಎರಡು ಸೀಮೆ

1857ರಲ್ಲಿ ಕಂಪನಿ ಸರ್ಕಾರ ಜನರ ಕೈಯ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದರು. ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಆ ಕಥೆ ಹೇಳುವ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ್ದರಿಂದ ಅದು ನಮಗೆ ದಕ್ಕಿತು. ಹಾಡು ಉಳಿಯಿತು, ಆಯುಧಗಳು ಹೋದವು. ಅವುಗಳೊಂದಿಗೆ ಅವನ್ನು ದುರಸ್ತಿ ಮಾಡುವ ಕೈಗಳೂ ಹೋದವು.

ಅದಾಗಿ ನಾಲ್ಕು ವರ್ಷಕ್ಕೆ, 1861ರಲ್ಲಿ, ಅದೇ ಬ್ರಿಟಿಷರು ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ನಿಷ್ಠೆಗೆ ಸಂದ ಮರ್ಯಾದೆ ಅದು. ಸ್ವಾತಂತ್ರ್ಯ ಬಂದ ಮೇಲೂ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಹಲಗಲಿಯ ಹಾಡು ಕೇಳಿ ಬೆಳೆದ ನಮಗೆ ಈ ಎರಡು ಇತಿಹಾಸಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೈಲ್ ಪೊಳ್ದ್

ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದ ಗದ್ದೆಗಳು ಹಸಿರಾಗಿರುವಾಗ ಕೊಡಗಿನಲ್ಲಿ ಕೈಲ್ ಪೊಳ್ದ್. ಕೈಲು ಮುಹೂರ್ತವೆಂದು ಕನ್ನಡದಲ್ಲಿ ಕರೆಯುವ ಆಯುಧಗಳ ಹಬ್ಬ ಇದು. ಬೇಸಾಯದ ತಿಂಗಳುಗಳಲ್ಲಿ ಒಳಗಿಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿ ಮಾಡಿ, ಸಾಲಾಗಿಟ್ಟು, ಗಂಧ ಹಚ್ಚುತ್ತಾರೆ. ಕೋವಿಯ ನಳಿಗೆಗೆ ಮುಡಿಸುವುದು ತೋಕ್ ಪೂ. ನಮ್ಮ ಕಡೆ ಅಗ್ನಿಶಿಖೆ ಎನ್ನುವ, ಕೆಂಪು ಹಳದಿ ಎಸಳುಗಳ ಅದೇ ಹೂವು. ಪೂಜೆಯಾದ ಮೇಲೆ ಮನೆಯ ಹಿರಿಯರು ಕೋವಿಯನ್ನು ಕಿರಿಯರ ಕೈಗೆ ಕೊಟ್ಟು ಬುದ್ಧಿಮಾತು ಹೇಳುತ್ತಾರೆ. ಕಡಂಬಿಟ್ಟು, ಪಂದಿ ಕರಿಯ ಊಟವಾಗುತ್ತದೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೆಂಗಸರೂ ಕೋವಿ ಎತ್ತುತ್ತಾರೆ, ಹೊಡೆದು ಗೆಲ್ಲುತ್ತಾರೆ.

ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದೆ. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಗುಂಡಿನ ಸದ್ದು ಕೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಗೆ ಅವಕಾಶವಿಲ್ಲ, ಅದು ಸರಿಯೂ ಹೌದು. ಕೋವಿ ಈಗ ಅಲ್ಲಿ ಪೂಜೆಗೆ, ಪಂದ್ಯಕ್ಕೆ, ಹುಟ್ಟುಸಾವಿನ ಸುದ್ದಿಗೆ. ಪಂದ್ಯದ ಕೋವಿಗಳಲ್ಲಿ ಹೆಚ್ಚಿನವು ಹೊಸ ಕಾಲದ ತೋಟೆ ಕೋವಿಗಳು. ಬಾಯಿಯಿಂದ ತುಂಬುವ ಹಳೆಯ ಕೋವಿ ಹಿರಿಯರ ನೆನಪಿಗೆಂದು ಸಾಲಿನಲ್ಲಿ ಇರುತ್ತದೆ.

ಆ ಹಳೆಯ ಕೋವಿಯ ಆರೈಕೆ ಮಾತ್ರ ಕಲಿಯಬೇಕಾದ ವಿದ್ಯೆ. ಕರಿಮಸಿ ಉರಿದ ಮೇಲೆ ನಳಿಗೆಯಲ್ಲಿ ಉಳಿಯುವ ಕಿಟ್ಟ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಬರೀ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಅದು ಹೋಗದು. ಕುದಿನೀರು ಹೊಯ್ದು, ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಿ, ಕರಿ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬಿಸಿಯಾದ ನಳಿಗೆ ತಾನಾಗಿ ಒಣಗುತ್ತದೆ, ಆಗ ಎಣ್ಣೆ. ಒಣಗಿದ ಮರದ ಹಿಡಿಗೆ ಅಗಸೆ ಎಣ್ಣೆಯನ್ನು ತೆಳ್ಳಗೆ, ಪದರ ಪದರವಾಗಿ, ಒಂದು ಒಣಗಿದ ಮೇಲೆ ಇನ್ನೊಂದು ಹಚ್ಚುತ್ತಾರೆ. ನಮ್ಮ ಎರೆಹೊಲದಲ್ಲಿ ಬೆಳೆಯುವ ಅದೇ ಅಗಸೆ. ಮರಳುಕಾಗದ ಹಿಡಿದು ಹಳೆಯ ಗುರುತು, ಕೆತ್ತಿದ ಅಕ್ಷರ ಅಳಿಸಿ ಹೊಸದರಂತೆ ಮಾಡುವುದು ದೊಡ್ಡ ತಪ್ಪು. ಅಜ್ಜನ ಕೈ ಸವೆಸಿದ ಜಾಗ ಹಾಗೆಯೇ ಇರಬೇಕು.

ಹವ್ಯಾಸಕ್ಕೆ ಜಾಗವೆಲ್ಲಿ?

ಅಮೆರಿಕದಲ್ಲಿ 1933ರಲ್ಲೇ ಈ ಕೋವಿಗಳ ಆಸಕ್ತರು ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಹಳ್ಳಿಯಲ್ಲಿ ಅವರ ಪಂದ್ಯಗಳು ನಡೆಯುತ್ತವೆ. ಬಾಯಿಯಿಂದ ತುಂಬುವ ಕೋವಿಗಳಿಗೇ ವಿಶ್ವ ಚಾಂಪಿಯನ್‌ಶಿಪ್ ಇದೆ. ಅಲ್ಲಿ ನಿವೃತ್ತ ಮೇಷ್ಟರು, ಬಡಗಿ, ವೈದ್ಯರು ಬಿಡುವಿನಲ್ಲಿ ನಳಿಗೆ, ಹಿಡಿ, ಚಕಮಕಿ ಯಂತ್ರ ಜೋಡಿಸಿ ಕೋವಿ ಕಟ್ಟುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಕೋವಿ ತಯಾರಿಸುವುದು ಅಪರಾಧ. ಕಳ್ಳಬೇಟೆಗೆ ನಾಡಕೋವಿ ಮಾಡಿಕೊಟ್ಟವರಿಂದ ಇಡೀ ಕಸುಬಿಗೆ ಕೆಟ್ಟ ಹೆಸರು ಬಂದಿದೆ. ಹಂದಿ, ಮಂಗಗಳಿಂದ ಬೆಳೆ ಉಳಿಸಿಕೊಳ್ಳಲು ಪರವಾನಗಿ ಪಡೆದ ಮಲೆನಾಡಿನ ರೈತರು ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಯಲ್ಲಿಡಬೇಕಾದ ಫಜೀತಿ ಬೇರೆ. ಇಷ್ಟರ ನಡುವೆ ಪರವಾನಗಿ ಇರುವ ಹಳೆಯ ದುರಸ್ತಿಗಾರರು ಮುದುಕರಾಗುತ್ತಿದ್ದಾರೆ, ಮಕ್ಕಳು ಬೇರೆ ದಾರಿ ಹಿಡಿದಿದ್ದಾರೆ.

ಬಂದೂಕು ಮನೆಮನೆಗೆ ಬರಲಿ ಎಂದು ನಾನು ಹೇಳುತ್ತಿಲ್ಲ. ಉಕ್ಕಿಗೆ ಹದ ಕೊಟ್ಟು ಕಿಡಿ ಹುಟ್ಟಿಸಿದ ವಿದ್ಯೆ ನಮ್ಮ ಕಮ್ಮಾರರದ್ದು, ಅದು ದಾಖಲಾಗಬೇಕು. ನಮ್ಮ ವಸ್ತುಸಂಗ್ರಹಾಲಯಗಳು ಹಳೆಯ ಬಂದೂಕುಗಳನ್ನು ಗಾಜಿನ ಹಿಂದೆ ನಿಲ್ಲಿಸಿ ಸುಮ್ಮನಾಗಬಾರದು. ಆ ಅಂಗೈಯಗಲದ ಯಂತ್ರವನ್ನು ಬಿಚ್ಚಿ, ಒಂದೊಂದು ಭಾಗಕ್ಕೂ ಕನ್ನಡದಲ್ಲಿ ಹೆಸರು ಬರೆದು, ಕಿತ್ತೂರು, ಹಲಗಲಿಗಳ ಕಥೆಯ ಪಕ್ಕದಲ್ಲಿ ಮಕ್ಕಳಿಗೆ ತೋರಿಸಬೇಕು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ವಾಡೆಯ ಅಟ್ಟದಲ್ಲಿ, ಹಗೇವಿನ ಮೂಲೆಯಲ್ಲಿ ಮುತ್ತಜ್ಜನ ಬಂದೂಕು ಇದ್ದರೆ ಅಂಜಿ ಬಾವಿಗೆ ಎಸೆಯಬೇಡಿ, ಗುಜರಿಗೆ ಹಾಕಬೇಡಿ. ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಹಳೆಯ ಆಯುಧಗಳಿಗೆ 1959ರ ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಕೆಲಸ ಮಾಡುವಂಥದ್ದಾದರೆ ಪರವಾನಗಿ ಬೇಕೇ ಬೇಕು. ಯಾವುದೆಂದು ನೀವೇ ತೀರ್ಮಾನಿಸದೆ ಪೊಲೀಸರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಒಂದು ಫೋಟೊ ತೆಗೆದು, ಮನೆಯ ಹಿರಿಯರಿಗೆ ಗೊತ್ತಿದ್ದಷ್ಟನ್ನು ಬರೆದಿಡಿ. ಆ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.