ಹಳೆಯ ಒಲೆ, ನೀಲಿ ಜ್ವಾಲೆ

ವಾಶಿಯ ಅನೇಕ ಮನೆಗಳಿಗೆ ಈಗ ಕೊಳವೆಯ ಮೂಲಕ ನೈಸರ್ಗಿಕ ಅನಿಲ ಬರುತ್ತಿದೆ. ಊರು ಬಿಟ್ಟು ಬಂದ ಹೊಸತರಲ್ಲಿ ಕೊಂಡ ಸಿಲಿಂಡರಿನ ಒಲೆಯನ್ನು ಬಿಸುಡಲು ಗೃಹಿಣಿಗೆ ಮನಸ್ಸಾಗದು. ಹಲವು ವೇಳೆ ಬಿಸುಡಬೇಕಾಗಿಯೂ ಇಲ್ಲ. ಆದರೆ ಅದರ ಜೆಟ್ಟಿನ ಕಿರುರಂಧ್ರ ನೈಸರ್ಗಿಕ ಅನಿಲಕ್ಕೆ ಸಾಲದು. ಅದನ್ನು ಪರಿಣತ ಕೆಲಸಗಾರನೇ ಬದಲಿಸತಕ್ಕದ್ದು.

ಮನೆಯವರ ಪಾಲಿನ ಕೆಲಸ ಇಷ್ಟೇ: ಅನಿಲ ನಿಲ್ಲಿಸಿ, ತಣಿದ ಬರ್ನರನ್ನು ಬಿಸಿ ಸಾಬೂನುನೀರಿನಲ್ಲಿ ನೆನೆಸಿ, ಮುಚ್ಚಿದ ರಂಧ್ರಗಳನ್ನು ಬಿಡಿಸಿ, ಚೆನ್ನಾಗಿ ಒಣಗಿಸುವುದು. ಬಿರುಕುಬಿಟ್ಟ ರಬ್ಬರ್ ನಳಿಕೆಯನ್ನು ಒಂದು ದಿನವೂ ಇರಿಸಿಕೊಳ್ಳಬಾರದು.

ನೀಲಿ ಜ್ವಾಲೆ ಒಲೆಯ ಆರೋಗ್ಯದ ಲಕ್ಷಣ. ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ದಹನ ಅಪೂರ್ಣವೆಂದು ತಿಳಿಯಬೇಕು. ಆಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಅಡುಗೆಮನೆಯಲ್ಲಿ ತಲೆನೋವಿನಿಂದ ಮೊದಲಾಗಿ ಪ್ರಾಣವನ್ನೇ ಒಯ್ಯಬಲ್ಲದು. ಹಳೆಯ ಒಲೆ ಉಳಿಯಲಿ. ಮಳೆಗಾಲದಲ್ಲಿಯೂ ಕಿಟಕಿ ತೆರೆದಿರಲಿ.