ಮಾತ್ರೆ ನುಂಗಿದ ಮೇಲಿನ ವಿಜ್ಞಾನ

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಪಿಯುಸಿ ವಿಜ್ಞಾನ ಮುಗಿಸಿದ ಮಕ್ಕಳ ಮನೆಗಳಲ್ಲಿ ಪ್ರತಿವರ್ಷ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಡಾಕ್ಟರ್, ಬಾರದಿದ್ದರೆ ಬಿ.ಫಾರ್ಮ. ಅಥವಾ ಬಿ.ಎಸ್ಸಿ. ಈ ಮೂರೂ ದಾರಿಗಳಿಂದ ತಲುಪಬಹುದಾದ ಒಂದು ವಿಷಯ ವೈದ್ಯಕೀಯ ಕಾಲೇಜಿನ ಒಳಗೇ ಇದೆ. ಆದರೂ ಪಾಲಕರ ಗಮನ ಅತ್ತ ಹರಿಯುವುದು ಅಪರೂಪ. ಅದೇ ಫಾರ್ಮಕಾಲಜಿ, ಅಂದರೆ ಔಷಧ ವಿಜ್ಞಾನ.

ಹೆಸರು ಕೇಳಿದೊಡನೆ ಬಹಳ ಜನ ಇದನ್ನು ಫಾರ್ಮಸಿಯೆಂದೇ ತಿಳಿಯುತ್ತಾರೆ. ಔಷಧವನ್ನು ತಯಾರಿಸುವುದು, ಕೆಡದಂತೆ ಇಡುವುದು, ವಿತರಿಸುವುದು ಫಾರ್ಮಸಿ. ಅದೇ ಔಷಧ ಹೊಟ್ಟೆಗೆ ಹೋದ ಮೇಲೆ ರಕ್ತಕ್ಕೆ ಎಷ್ಟು ಸೇರುತ್ತದೆ, ಎಲ್ಲಿ ಕೆಲಸ ಮಾಡುತ್ತದೆ, ಎಷ್ಟು ಹೊತ್ತಿಗೆ ದೇಹದಿಂದ ಹೊರಬೀಳುತ್ತದೆ, ಎಷ್ಟಾದರೆ ವಿಷವಾಗುತ್ತದೆ ಎಂಬ ಲೆಕ್ಕವೆಲ್ಲ ಫಾರ್ಮಕಾಲಜಿಗೆ ಸೇರಿದ್ದು.

ಈ ಭಾಗದ ಹೊಲಗಳಲ್ಲಿ ಬೆಳೆಯುವ ಅರಿಶಿನವೇ ಇದಕ್ಕೆ ಒಳ್ಳೆಯ ಉದಾಹರಣೆ. ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅನೇಕ ಗುಣಗಳನ್ನು ತೋರಿಸುತ್ತದೆ. ನುಂಗಿದರೆ ಮಾತ್ರ ಕರುಳು ಮತ್ತು ಯಕೃತ್ತು ಅದನ್ನು ಬೇಗನೆ ಮಾರ್ಪಡಿಸಿ ಹೊರಹಾಕಿಬಿಡುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಫಾರ್ಮಕಾಲಜಿ ವಿಭಾಗದ ತಂಡವೊಂದು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖವಾಗುತ್ತಿದೆ. 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಸೇವಿಸಿದವರ ರಕ್ತದಲ್ಲಿ ಅದು ಪತ್ತೆಯಾಗಲಿಲ್ಲ ಅಥವಾ ತೀರ ಅಲ್ಪವಾಗಿತ್ತು. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ದೊರೆಯುವ ಪ್ರಮಾಣ ಶೇ. 2000ರಷ್ಟು ಏರಿತು. ಹಾಗೆಂದು ಅರಿಶಿನಕ್ಕೆ ಮೆಣಸು ಬೆರೆಸಿದರೆ ರೋಗ ವಾಸಿಯಾಗುತ್ತದೆಂದು ಸಾಬೀತಾಗಲಿಲ್ಲ. ರಕ್ತಕ್ಕೆ ಸೇರುವುದು ಬೇರೆ, ಗುಣಪಡಿಸುವುದು ಬೇರೆ. ಪೈಪರಿನ್ ಇತರ ಕೆಲವು ಔಷಧಗಳ ಪ್ರಮಾಣವನ್ನೂ ರಕ್ತದಲ್ಲಿ ಹೆಚ್ಚಿಸಬಲ್ಲದು ಎಂಬುದನ್ನೂ ಮರೆಯುವಂತಿಲ್ಲ. ಮನೆಮದ್ದಿನ ಜಾಹೀರಾತು ನಿಲ್ಲುವ ಜಾಗದಿಂದ ಈ ಶಾಸ್ತ್ರದ ಪ್ರಶ್ನೆಗಳು ಶುರುವಾಗುತ್ತವೆ.

ಹೊಲಕ್ಕೆ ಸಿಂಪಡಿಸುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೆ ಸೇರಿದವರನ್ನು ಆಸ್ಪತ್ರೆಗೆ ತಂದಾಗ ಅಟ್ರೋಪಿನ್ ಏಕೆ ಕೊಡುತ್ತಾರೆ? ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವವನ್ನು ಆ ವಿಷ ತಡೆಯುತ್ತದೆ. ಸಂದೇಶ ನಿಲ್ಲದೆ ಬೆವರು, ಜೊಲ್ಲು, ಶ್ವಾಸನಾಳದ ಸ್ರಾವ ಉಕ್ಕುತ್ತವೆ. ಆ ಸಂದೇಶ ಬಂದು ತಟ್ಟುವ ಬಾಗಿಲನ್ನೇ ಅಟ್ರೋಪಿನ್ ಮುಚ್ಚುತ್ತದೆ. ರೈತಾಪಿ ಮನೆಯ ವಿದ್ಯಾರ್ಥಿಗೆ ಇದು ಬರೀ ಪುಸ್ತಕದ ಪಾಠವಲ್ಲ.

ಓದಲು ಬಹುದೂರ ಹೋಗಬೇಕಾಗಿಲ್ಲ. ಬೆಳಗಾವಿಯಲ್ಲಿ 1963ರಲ್ಲಿ ಆರಂಭವಾದ ಕೆ.ಎಲ್.ಇ.ಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜು, 2005ರಲ್ಲಿ ಸ್ಥಾಪನೆಯಾದ ಸರ್ಕಾರಿ ವೈದ್ಯಕೀಯ ಸಂಸ್ಥೆ ಬಿಮ್ಸ್, ಜೊತೆಗೆ ಫಾರ್ಮಸಿ ಕಾಲೇಜುಗಳೂ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2006ರಲ್ಲಿ ಇಲ್ಲಿ ಸ್ಥಾಪಿಸಿದ ಪ್ರಾದೇಶಿಕ ಕೇಂದ್ರ ಈಗ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಾಗಿದ್ದು, ಪಶ್ಚಿಮ ಘಟ್ಟದ ಔಷಧಿ ಸಸ್ಯಗಳ ಮೇಲೆ ಸಂಶೋಧನೆ ನಡೆಸುತ್ತಿದೆ.

ಸ್ನಾತಕೋತ್ತರ ಹಂತಕ್ಕೆ ಬಾಗಿಲು ಮೂರು. ಎಂಬಿಬಿಎಸ್ ಆದವರು ನೀಟ್ ಪಿಜಿ ಬರೆದು 3 ವರ್ಷದ ಎಂ.ಡಿ. ಸೇರಬಹುದು. ರೋಗಿಗಳನ್ನು ನೋಡುವ ವಿಭಾಗಗಳಿಗಿರುವಷ್ಟು ಪೈಪೋಟಿ ಇಲ್ಲಿಲ್ಲ. ಎರಡನೆಯದು 4 ವರ್ಷದ ಬಿ.ಫಾರ್ಮ. ಮುಗಿಸಿ 2 ವರ್ಷದ ಎಂ.ಫಾರ್ಮ.; ಜಿಪ್ಯಾಟ್ ಪರೀಕ್ಷೆಯಲ್ಲಿ ಅರ್ಹರಾದವರಿಗೆ ಎಐಸಿಟಿಇ ಮಾನ್ಯತೆಯ ಕಾಲೇಜುಗಳಲ್ಲಿ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. ಬಿ.ಫಾರ್ಮ.ಗೆ ನೀಟ್ ಬೇಕಿಲ್ಲ, ರಾಜ್ಯದ ಸಿಇಟಿ ಸಾಕು.

ಮೂರನೆಯದು ಕೆಲವು ವೈದ್ಯಕೀಯ ಕಾಲೇಜುಗಳಲ್ಲಿರುವ 3 ವರ್ಷದ ಎಂ.ಎಸ್ಸಿ. ವೈದ್ಯಕೀಯ ಫಾರ್ಮಕಾಲಜಿ. ಇಲ್ಲಿ ಪಾಲಕರು ಸ್ವಲ್ಪ ನಿಂತು ಯೋಚಿಸಬೇಕು. ಈ ಪದವಿ ಪಡೆದವರು ವೈದ್ಯಕಾಲೇಜುಗಳಲ್ಲಿ ಪಾಠ ಮಾಡುವುದು ಹಿಂದಿನಿಂದ ಇದ್ದ ದಾರಿ. 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳು ಫಾರ್ಮಕಾಲಜಿಯಲ್ಲಿ ಅದನ್ನು ಮುಚ್ಚಿದವು. ಆಗ ಅರ್ಧ ಓದಿನಲ್ಲಿದ್ದವರ ಪಾಡು ಊಹಿಸಬಹುದು. 2025ರ ಜುಲೈನ ನಿಯಮಾವಳಿ ಎಂ.ಎಸ್ಸಿ. ಜೊತೆಗೆ ಪಿಎಚ್.ಡಿ. ಇದ್ದವರಿಗೆ ಮತ್ತೆ ದಾರಿ ತೆರೆದಿದೆ. ಅಂದರೆ ಬೋಧನೆಯೇ ಗುರಿಯಾದರೆ ಎಂ.ಎಸ್ಸಿ.ಗೇ ಓದು ಮುಗಿಯದು, ಪಿಎಚ್.ಡಿ.ಯ ವರ್ಷಗಳನ್ನೂ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಬೇಕು. ಪಿಎಚ್.ಡಿ. ಆದವರ ಹೆಸರಿನ ಹಿಂದೆ ‘ಡಾ.’ ಬರುತ್ತದೆ, ನಿಜ. ಆದರೆ ಅದರಿಂದ ರೋಗಿಗೆ ಔಷಧಿ ಚೀಟಿ ಬರೆಯುವ ಅಧಿಕಾರ ಸಿಗುವುದಿಲ್ಲ. ಬೀಗರ ಮುಂದೆ ಮಾತಾಡುವಾಗಲೂ ಈ ವ್ಯತ್ಯಾಸ ನೆನಪಿದ್ದರೆ ಒಳ್ಳೆಯದು!

ಬೋಧನೆಯ ಹೊರಗೂ ಕೆಲಸವಿದೆ. ಔಷಧಗಳ ಅಡ್ಡ ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು; ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ಔಷಧ ಕಂಪನಿಗಳಿಗೂ ಹೊಸ ಮದ್ದಿನ ಪರೀಕ್ಷೆ ನಡೆಸುವ ಸಂಸ್ಥೆಗಳಿಗೂ ಈ ತರಬೇತಿ ಪಡೆದವರು ಬೇಕು. ಇಂಥ ಕೆಲಸಕ್ಕೆ ಬೆಂಗಳೂರು, ಹೈದರಾಬಾದ್ ಇಲ್ಲವೆ ಮುಂಬಯಿಗೆ ಹೋಗುವ ಸಿದ್ಧತೆ ಇರಬೇಕಾಗುತ್ತದೆ.

ಅರ್ಜಿ ತುಂಬುವ ಮುನ್ನ ಕಾಲೇಜಿಗೆ ಒಮ್ಮೆ ಹೋಗಿ ಬರುವುದು ಲೇಸು. ಯಾವ ಬಿ.ಎಸ್ಸಿ.ಗೆ ಪ್ರವೇಶವಿದೆ, ಮೂರು ವರ್ಷಗಳ ಶುಲ್ಕ ಒಟ್ಟು ಎಷ್ಟು, ಪಿಎಚ್.ಡಿ. ಮಾರ್ಗದರ್ಶಕರು ವಿಭಾಗದಲ್ಲಿದ್ದಾರೆಯೇ, ಹಿಂದಿನ ತಂಡದವರು ಈಗ ಎಲ್ಲಿದ್ದಾರೆ ಎಂದು ವಿಭಾಗದಲ್ಲೇ ಕೇಳಬಹುದು. ಕೊನೆಯ ಪ್ರಶ್ನೆಗೆ ಉತ್ತರ ವಿವರಣಾ ಪುಸ್ತಕದಲ್ಲಿ ಸಿಗುವುದು ಕಡಿಮೆ.