ಪ್ರೊಸೆಸರಿನ ಮಾಪನಕ್ಕೆ ಬಿದ್ದ ಬೀಗ

ಇಂಟೆಲ್ ಸಂಸ್ಥೆಯು 2008ರಲ್ಲಿ ಹೊರತಂದ, ಆರು ಕೋರ್‌ಗಳುಳ್ಳ ಝಿಯಾನ್ 7400 ಪ್ರೊಸೆಸರಿನ ವಿನ್ಯಾಸಕಾರ್ಯ ಬೆಂಗಳೂರಿನಲ್ಲಿ ನಡೆಯಿತೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಆದರೆ ಇಂದು ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರೊಬ್ಬರು ತಮ್ಮ ಗಣಕಯಂತ್ರದ ಪ್ರೊಸೆಸರನ್ನು ಅಳೆಯಹೊರಟರೆ, ಲಿನಕ್ಸ್ ವ್ಯವಸ್ಥೆಯು ‘ಅನುಮತಿಯಿಲ್ಲ’ ಎಂದು ತಡೆಯುವುದುಂಟು. ಯಂತ್ರದ ಸರ್ವಾಧಿಕಾರಿಯೆನಿಸಿದ ‘ರೂಟ್’ ಬಳಕೆದಾರನಿಗೂ ಈ ಉತ್ತರವೇ ದೊರೆಯುವುದು ಸೋಜಿಗ.

ಇದರ ಕಾರಣವನ್ನು ಅರಿಯಲು ಪ್ರೊಸೆಸರಿನ ಒಳಗೆ ಇಣುಕಬೇಕು. ಅಲ್ಲಿ ಎಂ.ಎಸ್.ಆರ್. ಎಂಬ ವಿಶೇಷ ರಿಜಿಸ್ಟರುಗಳಿವೆ. ಕೆಲವು ಉಷ್ಣತೆಯನ್ನೂ ವಿದ್ಯುತ್ ಬಳಕೆಯನ್ನೂ ತೋರಿಸುವ ಮಾಪಕಗಳು. ಕೆಲವು ವೋಲ್ಟೇಜನ್ನು ಏರಿಳಿಸುವ ಕೀಲಿಗಳು. ಮತ್ತೊಂದರಲ್ಲಿ, ತಂತ್ರಾಂಶಗಳು ಕರ್ನಲ್‌ನ ಸೇವೆಯನ್ನು ಬೇಡಿದಾಗ ಪ್ರವೇಶಿಸಬೇಕಾದ ವಿಳಾಸವಿರುತ್ತದೆ. ಆ ವಿಳಾಸವನ್ನು ತಿದ್ದಬಲ್ಲವನು ಕರ್ನಲನ್ನೇ ವಶಮಾಡಿಕೊಂಡಂತೆ.

ಯಂತ್ರವು ಚಾಲೂ ಆಗುವಾಗ ಫರ್ಮ್‌ವೇರಿನ ‘ಸೆಕ್ಯೂರ್ ಬೂಟ್’ ವ್ಯವಸ್ಥೆಯು ಪ್ರಾರಂಭಿಕ ತಂತ್ರಾಂಶದ ಸಹಿಯನ್ನು ಪರೀಕ್ಷಿಸುತ್ತದೆ. ಹೊಸ್ತಿಲಲ್ಲಿ ಇಷ್ಟೊಂದು ತಪಾಸಣೆ ನಡೆಸಿ ಹಿತ್ತಲ ಬಾಗಿಲನ್ನು ತೆರೆದಿಟ್ಟರೆ ಪ್ರಯೋಜನವೇನು? ಆದಕಾರಣ 2019ರ ನವೆಂಬರಿನಲ್ಲಿ ಬಂದ ಲಿನಕ್ಸ್ 5.4ರಲ್ಲಿ ‘ಲಾಕ್‌ಡೌನ್’ ಎಂಬ ಕಟ್ಟುಪಾಡು ಸೇರಿತು. ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದರೆ ಉಬುಂಟು, ಫೆಡೋರಾಗಳಲ್ಲಿ ಇದು ತಾನಾಗಿಯೇ ಜಾರಿಯಾಗುತ್ತದೆ. ಭಯವು ನಿರಾಧಾರವಾಗಿರಲಿಲ್ಲ: ಮರುತಿಂಗಳೇ ಪ್ರಕಟವಾದ ‘ಪ್ಲಂಡರ್‌ವೋಲ್ಟ್’ ಸಂಶೋಧನೆಯು, ಒಂದು ರಿಜಿಸ್ಟರಿನ ಮೂಲಕ ವೋಲ್ಟೇಜನ್ನು ತಗ್ಗಿಸಿ, ಪ್ರೊಸೆಸರಿನ ರಕ್ಷಿತ ಭಾಗದಲ್ಲಿದ್ದ ರಹಸ್ಯ ಕೀಲಿಗಳನ್ನು ಹೊರಗೆಳೆಯಬಹುದೆಂದು ತೋರಿಸಿತು.

ಮನೆಯ ವಿದ್ಯುತ್ ಮೀಟರಿನ ಅಂಕಿಗಳನ್ನು ಯಾರೂ ಓದಬಹುದು; ಮೊಹರನ್ನು ಒಡೆಯುವಂತಿಲ್ಲ. ಲಾಕ್‌ಡೌನಿನ ಸಾಧಾರಣ ಹಂತವೂ ಹೀಗೆಯೇ: ರೂಟ್ ಬಳಕೆದಾರನು ರಿಜಿಸ್ಟರುಗಳನ್ನು ಓದಬಹುದು, ಬರೆಯಲಾರ. ಕೆಲವು ಮಾಪನ ಸಾಧನಗಳು ಎಣಿಕೆಯನ್ನು ಆರಂಭಿಸಲು ಮೊದಲು ರಿಜಿಸ್ಟರಿಗೆ ಬರೆಯಬೇಕಾಗುವುದರಿಂದ ಸೋಲುತ್ತವೆ. ಓದುವುದೂ ಸಂಪೂರ್ಣ ನಿರಪಾಯವಲ್ಲ. ವಿದ್ಯುತ್ ಬಳಕೆಯ ಅಂಕಿಗಳಿಂದಲೇ ಗುಟ್ಟನ್ನು ಊಹಿಸಬಹುದೆಂದು 2020ರಲ್ಲಿ ‘ಪ್ಲಾಟಿಪಸ್’ ಸಂಶೋಧನೆ ತೋರಿದ ಮೇಲೆ, ಆ ಅಂಕಿಗಳನ್ನು ಲಿನಕ್ಸ್ ರೂಟ್ ಬಳಕೆದಾರನಿಗಷ್ಟೇ ಮೀಸಲಿಟ್ಟಿತು.

ಸೆಕ್ಯೂರ್ ಬೂಟನ್ನೇ ಆರಿಸಿಬಿಡುವುದು ಅನೇಕರು ಹಿಡಿಯುವ ಸುಲಭದ ದಾರಿ. ಒಂದು ಅಂಕಿಗಾಗಿ ಇಡೀ ಯಂತ್ರದ ಕಾವಲನ್ನು ತೆಗೆಯುವುದು ದುಬಾರಿಯ ವ್ಯಾಪಾರವೇ ಸರಿ. ಪೀಣ್ಯದ ಕಾರ್ಖಾನೆಯಲ್ಲಿ ಹಲವು ಕೈಗಳಿಗೆ ಸಿಕ್ಕುವ ಗಣಕಕ್ಕಂತೂ ಅದು ಸಲ್ಲದು. ಎಣಿಕೆಯನ್ನು ಕರ್ನಲ್ ತಾನೇ ನಡೆಸಿಕೊಡುವ ‘ಪರ್ಫ್’ ಸಾಧನವಿದೆ. ಬಹುಪಾಲು ಅಗತ್ಯಗಳಿಗೆ ಅದು ಸಾಕು. ವೋಲ್ಟೇಜನ್ನೇ ತಿದ್ದಿ ನೋಡಬೇಕಾದ ಪ್ರಯೋಗಗಳಿಗೆ ಬೇರೆಯ ಯಂತ್ರವನ್ನು ಜಾಲದಿಂದ ಬೇರ್ಪಡಿಸಿ ಇಟ್ಟುಕೊಳ್ಳುವುದು ಯುಕ್ತ.